ಕೊಂಬೆ ನೆಟ್ಟು ಮರ ಬೆಳೆಸಿದವರು



ನಿಮ್ಮ ಮನೆಯ ಹಿತ್ತಲಲ್ಲಿ ನುಗ್ಗೆ ಮರವಿದೆಯೇ? ಇದ್ದರೆ ಅದು ಬೀಜದಿಂದ ಹುಟ್ಟಿದ್ದೋ ಕೊಂಬೆಯಿಂದ ಬಂದದ್ದೋ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. "ಪಕ್ಕದ ಮನೆಯವರು ಮರ ಸವರಿದಾಗ ಒಂದು ಕೊಂಬೆ ತಂದು ನೆಟ್ಟೆವು" ಎಂಬ ಉತ್ತರ ಸಿಗುವ ಸಾಧ್ಯತೆಯೇ ಹೆಚ್ಚು. ಬೇರಿಲ್ಲದ ಒಂದು ಕಡ್ಡಿಯನ್ನು ಮಣ್ಣಿಗೆ ಊರಿದರೆ ಅದು ಬೇರು ಬಿಟ್ಟು ಮರವಾಗುತ್ತದೆ. ಇದನ್ನು ನಾವು ದಿನವೂ ನೋಡುತ್ತೇವೆ. ದಿನವೂ ನೋಡುವುದರಿಂದಲೇ ಇದರಲ್ಲಿ ಅಚ್ಚರಿ ಪಡುವಂಥದ್ದೇನೂ ನಮಗೆ ಕಾಣುವುದಿಲ್ಲ. ಆದರೆ ಈ ಸಣ್ಣ ಕೆಲಸದ ಹಿಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ಚಕ್ರವರ್ತಿಗಳಿದ್ದಾರೆ, ಗುಲಾಮರಿದ್ದಾರೆ, ವಿದ್ವಾಂಸರಿದ್ದಾರೆ. ಹೆಸರೇ ಉಳಿಯದ ಸಾವಿರಾರು ತೋಟಗಾರರೂ ಇದ್ದಾರೆ.

ಈ ಲೇಖನ ಬರೆಯಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಶಾಲೆಯ ಎದುರಿಗಿದ್ದ ದೊಡ್ಡ ಗೋಣಿ ಮರವನ್ನು ರಸ್ತೆ ಅಗಲ ಮಾಡುವುದಕ್ಕಾಗಿ ಕಡಿದರು. ಮಕ್ಕಳು ಕಿಟಕಿಯಿಂದ ನೋಡುತ್ತ ನಿಂತರು. ನಾವು ಶಿಕ್ಷಕರೂ ನಿಂತೆವು. ಕೆಲವರು ಮೊಬೈಲಿನಲ್ಲಿ ಫೋಟೋ ತೆಗೆದರು. ಮರ ಎಷ್ಟು ಹಳೆಯದು, ಅದರ ನೆರಳಿನಲ್ಲಿ ಯಾರು ಯಾರು ಕುಳಿತು ಪಾಠ ಓದಿದ್ದರು ಎಂದೆಲ್ಲ ಮಾತಾಡಿಕೊಂಡೆವು. ಸಂಜೆಯ ಹೊತ್ತಿಗೆ ಲಾರಿ ಬಂದು ದಿಮ್ಮಿಯನ್ನೂ ಕೊಂಬೆಗಳನ್ನೂ ಹೊತ್ತೊಯ್ದಿತು. ರಾತ್ರಿ ಮಲಗಿದಾಗ ನನಗೆ ಹೊಳೆದ ಸಂಗತಿ ಇದು: ಗೋಣಿ ಮರದ ಕೊಂಬೆ ನೆಟ್ಟರೆ ಚಿಗುರುತ್ತದೆ. ಅಂದು ನೆಲದ ಮೇಲೆ ನೂರಾರು ಕೊಂಬೆಗಳು ಬಿದ್ದಿದ್ದವು. ಒಂದನ್ನಾದರೂ ಎತ್ತಿಕೊಂಡು ಆಟದ ಮೈದಾನದ ಮೂಲೆಯಲ್ಲಿ ನೆಟ್ಟಿದ್ದರೆ ಅದೇ ಮರ ಇನ್ನೊಂದು ಜಾಗದಲ್ಲಿ ಬದುಕುತ್ತಿತ್ತು. ಗೊತ್ತಿದ್ದೂ ನಾನು ಅದನ್ನು ಮಾಡಲಿಲ್ಲ. ಗೊತ್ತಿರುವುದು ಬೇರೆ, ಹೊತ್ತಿಗೆ ನೆನಪಾಗುವುದು ಬೇರೆ. ಇತಿಹಾಸದ ಪ್ರಯೋಜನ ಇರುವುದು ಎರಡನೆಯದರಲ್ಲಿ ಎಂಬುದು ನನ್ನ ಅನಿಸಿಕೆ.

ಒಂದೇ ಪದ, ಎರಡು ಅರ್ಥ

ನನ್ನ ದಾದಾ, ಅಂದರೆ ತಂದೆಯ ತಂದೆ, ಹಿಪ್ಪುನೇರಳೆ ತೋಟದಲ್ಲಿ ಕೂಲಿ ಮಾಡುತ್ತಿದ್ದವರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನನ್ನು ಶಾಲೆಗೆ ಸೇರಿಸಿದ ದಿನ ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿದವರು ಅವರೇ. ಮಳೆಗಾಲ ಬಂತೆಂದರೆ ಅವರು ಕುಡುಗೋಲು ಮಸೆದು "ಖಲಂ ಕತ್ತರಿಸಬೇಕು" ಎನ್ನುತ್ತಿದ್ದರು. ನನಗೆ ಗೊತ್ತಿದ್ದ ಖಲಂ ಎಂದರೆ ಮಸಿಯ ಪೆನ್ನು. ಬರೆಯಲು ಬಾರದ ದಾದಾ ಯಾವ ಖಲಂ ಕತ್ತರಿಸುತ್ತಾರೆ ಎಂದು ನಗು ಬರುತ್ತಿತ್ತು. ಬಹಳ ವರ್ಷಗಳ ನಂತರ ನಿಘಂಟು ತೆರೆದಾಗ ಆ ನಗುವಿಗಾಗಿ ನಾಚಿಕೆಯಾಯಿತು.

ಅರಬಿ ಭಾಷೆಯಲ್ಲಿ ಖಲಂ ಎಂದರೆ ಜೊಂಡಿನಿಂದ ಕತ್ತರಿಸಿ ಮಾಡಿದ ಲೇಖನಿ. ಫಾರಸಿ ಮತ್ತು ಉರ್ದುವಿನಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ನೆಡಲೆಂದು ಓರೆಯಾಗಿ ಕತ್ತರಿಸಿದ ಗಿಡದ ಕಡ್ಡಿಯೂ ಖಲಂ. ಮರಾಠಿ ಮತ್ತು ಹಿಂದಿಯಲ್ಲಿ ಕಸಿ ಮಾವಿಗೂ ಕಲಮೀ ಮಾವು ಎಂಬ ಹೆಸರಿದೆ. ಜೊಂಡನ್ನು ಓರೆಯಾಗಿ ಸೀಳಿದರೆ ಲೇಖನಿ, ಕೊಂಬೆಯನ್ನು ಓರೆಯಾಗಿ ಕತ್ತರಿಸಿದರೆ ಸಸಿ. ಎರಡಕ್ಕೂ ಹರಿತವಾದ ಚಾಕು ಬೇಕು, ನುರಿತ ಕೈ ಬೇಕು. ಅಕ್ಷರ ಬಾರದ ನನ್ನ ದಾದಾ ತಮ್ಮ ಆಯುಷ್ಯದಲ್ಲಿ ಲಕ್ಷಾಂತರ ಖಲಮುಗಳನ್ನು ಕತ್ತರಿಸಿದ್ದರು.

ಅಶೋಕನ ಆಲ, ಅನುರಾಧಪುರದ ಅರಳಿ

ನಮ್ಮ ದೇಶದಲ್ಲಿ ಸಾಲುಮರಗಳ ಬಗ್ಗೆ ದೊರೆಯುವ ಹಳೆಯ ದಾಖಲೆಗಳಲ್ಲಿ ಮುಖ್ಯವಾದುದು ಕ್ರಿ.ಪೂ. 3ನೇ ಶತಮಾನದ ಅಶೋಕ ಚಕ್ರವರ್ತಿಯ ಏಳನೆಯ ಸ್ತಂಭ ಶಾಸನ. ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದ್ದನ್ನೂ ಮಾವಿನ ತೋಪುಗಳನ್ನು ಬೆಳೆಸಿದ್ದನ್ನೂ ಅದರಲ್ಲಿ ಹೇಳಲಾಗಿದೆ. ಈ ಶಾಸನವಿರುವ ಕಂಬವನ್ನು 14ನೇ ಶತಮಾನದಲ್ಲಿ ಟೋಪ್ರಾ ಎಂಬ ಹಳ್ಳಿಯಿಂದ ಬಹಳ ಎಚ್ಚರಿಕೆಯಿಂದ ದೆಹಲಿಗೆ ಸಾಗಿಸಿ ನಿಲ್ಲಿಸಿದವನು ಸುಲ್ತಾನ್ ಫಿರೋಜ್ ಷಾ ತುಘಲಕ್. ಅದರ ಮೇಲೆ ಏನು ಬರೆದಿದೆ ಎಂಬುದನ್ನು ಆಗ ಓದಬಲ್ಲವರು ಯಾರೂ ಇರಲಿಲ್ಲ. ಬ್ರಾಹ್ಮಿ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು 1837ರಲ್ಲಿ. ದೆಹಲಿಯ ಸುತ್ತ 1,200 ತೋಟಗಳನ್ನು ಮಾಡಿಸಿದವನೆಂದು ಇತಿಹಾಸಕಾರ ಅಫೀಫ್ ಬಣ್ಣಿಸಿದ ಫಿರೋಜ್ ಷಾ, ಮರ ನೆಡಿಸಿದ ಇನ್ನೊಬ್ಬ ದೊರೆಯ ಮಾತನ್ನು ಅರಿಯದೆಯೇ ಕಾಪಾಡಿದ್ದು ಇತಿಹಾಸದ ಒಂದು ಸೊಗಸು.

ಅಶೋಕನ ಕಾಲದ್ದೇ ಆದ ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಬೋಧಗಯೆಯ ಅರಳಿ ಮರದ ಒಂದು ಶಾಖೆಯನ್ನು ಅಶೋಕನ ಮಗಳು ಸಂಘಮಿತ್ರೆ ಶ್ರೀಲಂಕಾಕ್ಕೆ ಕೊಂಡೊಯ್ದಳೆಂದು ಮಹಾವಂಶ ಎಂಬ ಪಾಲಿ ಗ್ರಂಥ ಹೇಳುತ್ತದೆ. ಅನುರಾಧಪುರದಲ್ಲಿ ನೆಟ್ಟ ಆ ಶಾಖೆಯ ಮರ ಇಂದಿಗೂ ಪೂಜೆಗೊಳ್ಳುತ್ತಿದೆ. ಬೋಧಗಯೆಯ ಮೂಲ ಮರ ಹಲವು ಬಾರಿ ನಾಶವಾಯಿತು. 1876ರ ಬಿರುಗಾಳಿಗೆ ಅಲ್ಲಿನ ಹಳೆಯ ಮರ ಉರುಳಿಬಿತ್ತು. ತಾಯಿ ಮರ ಹೋದರೂ ಕಡಲಾಚೆ ಕಳುಹಿಸಿದ ಕೊಂಬೆ ಉಳಿಯಿತು. ಒಂದೇ ಕಡೆ ಇರುವುದು ಅಳಿಯಬಹುದು, ಹಂಚಿಕೊಂಡದ್ದು ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಕೆಲಸದ ವಿಧಾನವನ್ನೂ ನಮ್ಮ ಹಳೆಯ ಗ್ರಂಥಗಳು ದಾಖಲಿಸಿವೆ. ಕಾಂಡದಿಂದ ಬೆಳೆಯುವ ಬೆಳೆಗಳ ತುಂಡುಗಳನ್ನು ನೆಡುವ ಮುನ್ನ ಕತ್ತರಿಸಿದ ತುದಿಗೆ ಜೇನು, ತುಪ್ಪ, ಪ್ರಾಣಿಗಳ ಕೊಬ್ಬು ಮತ್ತು ಸೆಗಣಿಯ ಲೇಪ ಹಚ್ಚಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಸೂಚಿಸುತ್ತದೆ. 6ನೇ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಅಧ್ಯಾಯದಲ್ಲಿ ಹಲಸು, ಅಶೋಕ, ಬಾಳೆ, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಳ ಮುಂತಾದವನ್ನು ಕಾಂಡದಿಂದ ಬೆಳೆಸಬಹುದಾದ ಗಿಡಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ಅವಕ್ಕೆ ಸೆಗಣಿ ಬಳಿದು ನೆಡುವ ಕ್ರಮವನ್ನೂ ಹೇಳಿದ್ದಾನೆ. ಕನ್ನಡದಲ್ಲಿಯೂ ಈ ಶಾಸ್ತ್ರಕ್ಕೆ ಸ್ಥಾನ ಸಿಕ್ಕಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಪ್ರತ್ಯೇಕ ಭಾಗವೇ ಇದೆ. ಜನಸಾಮಾನ್ಯರಿಗೆ ಉಪಯೋಗವಾಗುವ ವಿದ್ಯೆಗಳನ್ನು ಜನರ ಭಾಷೆಯಲ್ಲಿಯೇ ಬರೆಯಬೇಕೆಂದು ಒಂದು ಸಾವಿರ ವರ್ಷಗಳ ಹಿಂದೆಯೇ ಒಬ್ಬರಿಗೆ ತೋಚಿತ್ತು ಎಂಬುದು ಗಮನಾರ್ಹ.

ಮದೀನಾದ ಮುನ್ನೂರು ಖರ್ಜೂರಗಳು

ಇನ್ನು ಅರಬ್ ನಾಡಿನತ್ತ ಬರೋಣ. ಖರ್ಜೂರ ಅಲ್ಲಿನ ಮಣ್ಣಿನ ಮರ. ಖರ್ಜೂರದ ಬೀಜ ಬಿತ್ತಿದರೆ ಗಿಡವೇನೋ ಹುಟ್ಟುತ್ತದೆ, ಆದರೆ ತಾಯಿ ಮರದ ಹಣ್ಣಿನ ರುಚಿಯೇ ಬರುತ್ತದೆಂಬ ಭರವಸೆ ಇಲ್ಲ. ಅಲ್ಲದೆ ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗಿ, ಹಣ್ಣನ್ನೇ ಕೊಡುವುದಿಲ್ಲ. ಆದ್ದರಿಂದ ತಾಯಿ ಮರದ ಬುಡದಲ್ಲಿ ಬೇರು ಬಿಟ್ಟು ಏಳುವ ಮರಿಗಳನ್ನು ಬೇರ್ಪಡಿಸಿ ನೆಡುವುದು ಪುರಾತನ ಕಾಲದಿಂದ ಬಂದ ಪದ್ಧತಿ. ಈ ಮರಿಗೆ ಅರಬಿಯಲ್ಲಿ ಫಸೀಲ ಎನ್ನುತ್ತಾರೆ. ಬೇರ್ಪಡಿಸಿದ್ದು ಎಂಬ ಅರ್ಥ ಆ ಪದದಲ್ಲೇ ಅಡಗಿದೆ.

ಕೈಯಲ್ಲಿ ಸಸಿ ಇರುವಾಗ ಅಂತ್ಯದಿನ ಬಂದರೂ ಸಾಧ್ಯವಾದರೆ ಅದನ್ನು ನೆಟ್ಟುಬಿಡಿ ಎಂಬ ಆಶಯದ ಪ್ರವಾದಿವಚನವನ್ನು ನಾವೆಲ್ಲ ಕೇಳಿದ್ದೇವೆ. ಪರಿಸರ ದಿನಾಚರಣೆಯ ಭಾಷಣಗಳಲ್ಲಿ ಅದನ್ನು ಉದ್ಧರಿಸದವರಿಲ್ಲ. ಆದರೆ ಅಲ್ಲಿ ಬಳಕೆಯಾದ ಪದ ಫಸೀಲ ಎಂಬುದನ್ನು ಗಮನಿಸಿದವರು ಕಡಿಮೆ. ಅಲ್ಲಿರುವುದು ಬೀಜವಲ್ಲ, ತಾಯಿಯಿಂದ ಬೇರ್ಪಡಿಸಿದ ಮರಿ. ಬೀಜವಾದರೆ ಡಬ್ಬಿಯಲ್ಲಿ ಇಟ್ಟು ನಾಳೆ ಬಿತ್ತಬಹುದು. ಬೇರ್ಪಡಿಸಿದ ಮರಿ ಕಾಯುವುದಿಲ್ಲ. ಕೈಯಲ್ಲಿರುವಾಗಲೇ ನೆಡಬೇಕು, ಇಲ್ಲವಾದರೆ ಒಣಗುತ್ತದೆ. ತೋಟದ ಕೆಲಸ ಬಲ್ಲವರಿಗೆ ಈ ಮಾತಿನ ಅವಸರ ಚೆನ್ನಾಗಿ ಅರ್ಥವಾಗುತ್ತದೆ.

ಹಝ್ರತ್ ಸಲ್ಮಾನುಲ್ ಫಾರಿಸಿ(ರ) ಅವರ ಕಥೆಯೂ ಇದೇ ಮರಿಗಳ ಕಥೆ. ಪರ್ಷಿಯಾದಿಂದ ಸತ್ಯವನ್ನು ಹುಡುಕುತ್ತ ಹೊರಟು, ಮೋಸಕ್ಕೊಳಗಾಗಿ ಗುಲಾಮರಾಗಿ ಮಾರಲ್ಪಟ್ಟು ಅವರು ಮದೀನಾ ತಲುಪಿದರು. ಅವರ ಬಿಡುಗಡೆಗೆ ಒಡೆಯ ವಿಧಿಸಿದ ಷರತ್ತು: 40 ಊಖಿಯ ಬಂಗಾರ ಮತ್ತು 300 ಖರ್ಜೂರದ ಸಸಿಗಳನ್ನು ನೆಟ್ಟುಕೊಡುವುದು. ಸಂಗಾತಿಗಳಲ್ಲಿ ಒಬ್ಬರು 30, ಒಬ್ಬರು 20, ಇನ್ನೊಬ್ಬರು 15, ಮತ್ತೊಬ್ಬರು 10 ಎಂದು ತಮ್ಮ ಕೈಲಾದಷ್ಟು ಮರಿಗಳನ್ನು ತಂದುಕೊಟ್ಟರು. ಎಲ್ಲರೂ ಸೇರಿ ಗುಂಡಿ ತೋಡಿದರು. ಪ್ರವಾದಿ(ಸ)ಯವರು ತಮ್ಮ ಕೈಯಾರೆ ಸಸಿಗಳನ್ನಿಟ್ಟರೆಂದೂ ಒಂದೂ ಸಾಯದೆ ಎಲ್ಲವೂ ಬೇರೂರಿದವೆಂದೂ ವರದಿಗಳು ಹೇಳುತ್ತವೆ. ಒಬ್ಬ ಮನುಷ್ಯನ ಸ್ವಾತಂತ್ರ್ಯದ ಬೆಲೆಯನ್ನು ಗಿಡಗಳ ಲೆಕ್ಕದಲ್ಲಿ ಕಟ್ಟಿದ್ದು, ಆ ಬೆಲೆಯನ್ನು ಒಂದು ಸಮುದಾಯ ಹಂಚಿಕೊಂಡು ತೀರಿಸಿದ್ದು ಈ ಘಟನೆಯ ವಿಶೇಷ. ವಿದ್ಯಾಸಂಸ್ಥೆಗಳನ್ನು ಕಟ್ಟುವವರಿಗೆ ಇದರಲ್ಲಿ ಬೇರೆ ಪಾಠವೂ ಸಿಗಬಹುದು.

ಸ್ಪೇನಿನ ಕೃಷಿ ವಿದ್ವಾಂಸರು

ಗ್ರೀಸಿನ ಥಿಯೋಫ್ರಾಸ್ಟಸ್ ಕ್ರಿ.ಪೂ. 4-3ನೇ ಶತಮಾನಗಳ ಹೊತ್ತಿಗೇ ಗಿಡಗಳು ಬೀಜದಿಂದ, ಬೇರಿನಿಂದ, ಕಿತ್ತ ಮರಿಯಿಂದ, ಕೊಂಬೆಯಿಂದ, ಕಾಂಡದ ತುಂಡಿನಿಂದ ಹೇಗೆ ಹುಟ್ಟುತ್ತವೆಂದು ವಿಂಗಡಿಸಿ ಬರೆದಿದ್ದ. ಈ ಜ್ಞಾನ ಮುಂದೆ ಅರಬಿಗೆ ಬಂತು. 10ನೇ ಶತಮಾನದ ಆರಂಭದಲ್ಲಿ ಇಬ್ನ್ ವಹ್ಶಿಯ್ಯ ಇರಾಕಿನ ಹಳೆಯ ಕೃಷಿ ಜ್ಞಾನವನ್ನು ಅರಬಿಗೆ ತಂದ. ಆದರೆ ಈ ವಿದ್ಯೆ ಅತ್ಯಂತ ಎತ್ತರಕ್ಕೆ ಬೆಳೆದದ್ದು ಮುಸ್ಲಿಮರ ಆಳ್ವಿಕೆಯ ಸ್ಪೇನಿನಲ್ಲಿ.

11ನೇ ಶತಮಾನದಲ್ಲಿ ಟೊಲೆಡೊ ನಗರದ ದೊರೆ ಅಲ್ ಮಅಮೂನನ ತೋಟವನ್ನು ನೋಡಿಕೊಳ್ಳುತ್ತಿದ್ದವರು ಇಬ್ನ್ ಬಸ್ಸಾಲ್. ಅವರು ಹಜ್ಜ್ ಯಾತ್ರೆಗೆ ಹೋದಾಗ ದಾರಿಯುದ್ದಕ್ಕೂ ನಾಡು ನಾಡಿನ ಬೇಸಾಯವನ್ನು ನೋಡಿ ಬಂದವರು. ಮಣ್ಣನ್ನು ಹತ್ತು ಬಗೆಗಳಾಗಿ ವಿಂಗಡಿಸಿದರು. ಅವರ ಗ್ರಂಥದ ವೈಶಿಷ್ಟ್ಯವೆಂದರೆ ಅದರಲ್ಲಿ "ಹಿಂದಿನವರು ಹೀಗೆ ಹೇಳಿದ್ದಾರೆ" ಎಂಬ ಉಲ್ಲೇಖಗಳ ಸರಮಾಲೆ ಇಲ್ಲ, ಸ್ವಂತ ಕೈಯಿಂದ ಮಾಡಿ ನೋಡಿದ ಅನುಭವವಿದೆ. 1085ರಲ್ಲಿ ಟೊಲೆಡೊ ನಗರ ಆರನೆಯ ಅಲ್ಫಾನ್ಸೊನ ವಶವಾಯಿತು. ಇಬ್ನ್ ಬಸ್ಸಾಲ್ ಸೆವಿಲ್ಲೆಗೆ ಹೋಗಿ ಅಲ್ಲಿ ಹೊಸ ತೋಟ ಎಬ್ಬಿಸಿದರು. ರಾಜ್ಯ ಹೋಯಿತು, ವಿದ್ಯೆ ಇನ್ನೊಂದು ನೆಲದಲ್ಲಿ ಬೇರು ಬಿಟ್ಟಿತು.

ಒಂದು ಶತಮಾನದ ನಂತರ ಅದೇ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಕಿತಾಬುಲ್ ಫಿಲಾಹ ಎಂಬ ಬೃಹತ್ ಗ್ರಂಥವನ್ನು ಬರೆದರು. ಅದರಲ್ಲಿ 585 ಸಸ್ಯಗಳ ವಿವರವಿದೆ, ಐವತ್ತಕ್ಕೂ ಹೆಚ್ಚು ಹಣ್ಣಿನ ಮರಗಳ ಬೇಸಾಯ ಕ್ರಮವಿದೆ. ಆ ನೆಲದ ಆಲಿವ್, ಅಂಜೂರ, ದ್ರಾಕ್ಷಿ, ದಾಳಿಂಬೆಗಳಲ್ಲಿ ಯಾವುದನ್ನು ಕಡ್ಡಿಯಿಂದ ಬೆಳೆಸಬೇಕು, ಯಾವುದರ ಕೊಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು ಬೇರು ಬರಿಸಬೇಕು, ಯಾವುದನ್ನು ಕಸಿ ಮಾಡಬೇಕು ಎಂಬುದನ್ನು ಅಧ್ಯಾಯ ಅಧ್ಯಾಯವಾಗಿ ವಿವರಿಸಲಾಗಿದೆ. ಹಳಬರ ಮಾತುಗಳನ್ನು ಉದ್ಧರಿಸಿದರೂ ತಮ್ಮ ಊರಿನ ಹತ್ತಿರದ ಅಶ್ಶರಫ್ ಗುಡ್ಡದಲ್ಲಿ ತಾವೇ ಪರೀಕ್ಷಿಸಿ ನೋಡಿದ್ದನ್ನು ಅವರು ಪ್ರತ್ಯೇಕವಾಗಿ ತಿಳಿಸುತ್ತಾರೆ. ಈ ಗ್ರಂಥದ ಸ್ಪ್ಯಾನಿಷ್ ಅನುವಾದ 1802ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟವಾಯಿತು. ಅಂದರೆ ಬರೆದು ಆರು ಶತಮಾನಗಳು ಕಳೆದ ಮೇಲೂ ಸ್ಪೇನಿನವರಿಗೆ ಅದು ಉಪಯುಕ್ತವೆನಿಸಿತ್ತು.

ಕಾಬೂಲಿನಿಂದ ಕಾಶ್ಮೀರಕ್ಕೆ, ಬಂಗಾಳದಿಂದ ಮೈಸೂರಿಗೆ

ಮೊಘಲರಿಗೆ ತೋಟವೆಂದರೆ ಪ್ರಾಣ. ಬಾಬರನು ಆದೀನಾಪುರದ ಬಳಿ ತಾನು ಮಾಡಿಸಿದ ಬಾಗ್-ಎ-ವಫಾ ತೋಟಕ್ಕೆ ಲಾಹೋರಿನ ಕಡೆಯಿಂದ ಬಾಳೆಯನ್ನು ತರಿಸಿ ನೆಡಿಸಿದ್ದನ್ನೂ ಕಬ್ಬನ್ನು ಬೆಳೆಸಿದ್ದನ್ನೂ ತನ್ನ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಜಹಾಂಗೀರನು ತನ್ನ ದಿನಚರಿಯಲ್ಲಿ ಇನ್ನೊಂದು ಸ್ವಾರಸ್ಯಕರ ಸಂಗತಿಯನ್ನು ದಾಖಲಿಸಿದ್ದಾನೆ. ಅಕ್ಬರನು 1586ರಲ್ಲಿ ಕಾಶ್ಮೀರವನ್ನು ಗೆಲ್ಲುವ ಮುನ್ನ ಅಲ್ಲಿ ಸಿಹಿ ಚೆರ್ರಿ ಹಣ್ಣಿನ ಮರ ಇರಲಿಲ್ಲ. ತೋಟಗಳ ದಾರೋಗನಾಗಿದ್ದ ಮುಹಮ್ಮದ್ ಖುಲಿ ಅಫ್ಷಾರ್ ಅದನ್ನು ಕಾಬೂಲಿನಿಂದ ತಂದು ಕಸಿ ಮಾಡಿ ಬೆಳೆಸಿದ. ಕಾಶ್ಮೀರದಲ್ಲಿ ಕಸಿ ವಿದ್ಯೆ ಹರಡಿದ್ದೂ ಆತನಿಂದಲೇ. ಚಕ್ರವರ್ತಿಯ ಪುಸ್ತಕದಲ್ಲಿ ತೋಟಗಾರನ ಹೆಸರು ಉಳಿದ ಅಪರೂಪದ ಪ್ರಸಂಗವಿದು. ಉಳಿದ ಸಾವಿರಾರು ಮಂದಿಯ ಹೆಸರು ಯಾವ ಪುಟದಲ್ಲಿಯೂ ಇಲ್ಲ.

ನಮ್ಮ ನಾಡಿಗೆ ಬಂದರೆ, ಹೈದರ್ ಅಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದ. ಟಿಪ್ಪು ಸುಲ್ತಾನ್ ಅದನ್ನು ವಿಸ್ತರಿಸಿ ದೂರ ದೇಶಗಳಿಂದ ಗಿಡಗಳನ್ನು ತರಿಸಿದ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಈ ತೋಟಗಳನ್ನು ಕಂಡು ವರ್ಣಿಸಿದ್ದಾನೆ. ಚೌಕಾಕಾರದ ಮಡಿಗಳು, ನಡುವೆ ಓಡಾಡುವ ದಾರಿಗಳು, ದಾರಿಯ ಅಂಚಿಗೆ ಸೈಪ್ರೆಸ್ ಮರಗಳು, ಒಂದು ಮಡಿಯ ತುಂಬ ಬರೀ ಗುಲಾಬಿ, ಇನ್ನೊಂದರ ತುಂಬ ಬರೀ ದಾಳಿಂಬೆ. ಗುಲಾಬಿಯಾಗಲಿ ದಾಳಿಂಬೆಯಾಗಲಿ ಕಡ್ಡಿಯಿಂದಲೇ ವೃದ್ಧಿಯಾಗುವಂಥವು ಎಂಬುದನ್ನು ಇಲ್ಲಿ ನೆನೆಯಬೇಕು.

ಆದರೆ ಜನಜೀವನವನ್ನು ಬದಲಿಸಿದ ಕಡ್ಡಿ ಯಾವುದೆಂದರೆ ಹಿಪ್ಪುನೇರಳೆಯದು. ರೇಷ್ಮೆ ಹುಳುವನ್ನು ತರಲು ಟಿಪ್ಪು ಬಂಗಾಳಕ್ಕೆ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬ ಇಬ್ಬರನ್ನು ಕಳುಹಿಸಿದ್ದ. ಅವರು ಮರಳಿ ಬರುತ್ತಿರುವುದನ್ನು ತಿಳಿಸಿ ಆತ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ 1786ರಲ್ಲಿ ಬರೆದ ಪತ್ರ ಉಳಿದುಬಂದಿದೆ. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ ಜತೆಯಾಗಿ ಹೋಗಿ ತಂದ ಸಂಪತ್ತು ಅದು. ಹುಳು ಬಂದರೆ ಸಾಲದು, ಅದಕ್ಕೆ ಸೊಪ್ಪು ಬೇಕು. ಸೊಪ್ಪಿಗೆ ತೋಟ ಬೇಕು. ತೋಟಕ್ಕೆ ಲಕ್ಷ ಲಕ್ಷ ಕಡ್ಡಿ ಬೇಕು. ಇಂದು ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟಗಳಲ್ಲಿ ಗೂಡಿನ ಮಾರುಕಟ್ಟೆಯಿಂದ ನೂಲು ಬಿಚ್ಚುವ ಮನೆಗಳವರೆಗೆ ಎಷ್ಟೋ ಕುಟುಂಬಗಳು ಬದುಕುತ್ತಿರುವುದು ಆ ಕಡ್ಡಿಯ ಆಸರೆಯಲ್ಲಿ. ನಮ್ಮಲ್ಲಿ ಎಷ್ಟೋ ಮಂದಿಯ ಶಾಲೆಯ ಶುಲ್ಕ ಅದರಿಂದಲೇ ಬಂದಿದೆ, ನನ್ನದೂ ಸೇರಿ. ಪೆನ್ಸಿಲಿನಷ್ಟು ದಪ್ಪ, ಒಂದು ಗೇಣು ಉದ್ದ, ಮೂರು ಕಣ್ಣು. ನನ್ನ ದಾದಾ ಅಳತೆಪಟ್ಟಿ ಇಲ್ಲದೆ ಕತ್ತರಿಸುತ್ತಿದ್ದ ಖಲಂ ಇದು.

ವಿಜ್ಞಾನ ಏನು ಹೇಳುತ್ತದೆ?

ಕಡ್ಡಿ ಏಕೆ ಬೇರು ಬಿಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರ ಇತ್ತೀಚೆಗೆ. ಹಾಲೆಂಡಿನ ಫ್ರಿಟ್ಸ್ ವೆಂಟ್ 1920ರ ದಶಕದಲ್ಲಿ ಓಟ್ಸ್ ಮೊಳಕೆಗಳ ಮೇಲೆ ಪ್ರಯೋಗ ನಡೆಸಿ, ಚಿಗುರಿನ ತುದಿಯಲ್ಲಿ ಬೆಳವಣಿಗೆಯನ್ನು ಪ್ರಚೋದಿಸುವ ಒಂದು ವಸ್ತು ಇದೆಯೆಂದು ತೋರಿಸಿದ. ಅದಕ್ಕೆ ಆಕ್ಸಿನ್ ಎಂಬ ಹೆಸರು ಬಂತು. ಚಿಗುರಿನಲ್ಲಿ ಮತ್ತು ಎಳೆಯ ಎಲೆಗಳಲ್ಲಿ ತಯಾರಾಗುವ ಆಕ್ಸಿನ್ ಕೆಳಮುಖವಾಗಿ ಹರಿಯುತ್ತದೆ. ಕೊಂಬೆಯನ್ನು ಕತ್ತರಿಸಿದಾಗ ಮುಂದೆ ಹೋಗಲು ದಾರಿಯಿಲ್ಲದೆ ಕತ್ತರಿಸಿದ ಬುಡದಲ್ಲಿ ಶೇಖರವಾಗುತ್ತದೆ. ಅಲ್ಲಿನ ಜೀವಕೋಶಗಳು ಹೊಸದಾಗಿ ವಿಭಜನೆಗೊಂಡು ಬೇರಿನ ಮೊಳಕೆಗಳಾಗುತ್ತವೆ. 1935ರಲ್ಲಿ ಅಮೆರಿಕದ ಝಿಮ್ಮರ್‌ಮನ್ ಮತ್ತು ವಿಲ್‌ಕಾಕ್ಸನ್ ಎಂಬ ವಿಜ್ಞಾನಿಗಳು ಇಂಡೋಲ್ ಬ್ಯುಟಿರಿಕ್ ಆಮ್ಲವು ಬೇರು ಬರಿಸುವುದರಲ್ಲಿ ಬಹಳ ಪರಿಣಾಮಕಾರಿ ಎಂದು ಕಂಡುಕೊಂಡರು. ಇಂದು ನರ್ಸರಿಗಳಲ್ಲಿ ಕಡ್ಡಿಯ ಬುಡವನ್ನು ಅದ್ದಿ ನೆಡುವ ಬಿಳಿ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಅದೇ.

ಎಲ್ಲ ಮರಗಳೂ ಇದಕ್ಕೆ ಒಗ್ಗುವುದಿಲ್ಲ. ಆಲ, ಗೋಣಿ, ಬಸರಿ, ಹಾಲುವಾಣ, ಅಮಟೆ, ನುಗ್ಗೆ ಇವುಗಳ ದಪ್ಪ ಕೊಂಬೆಗಳೂ ಸುಲಭವಾಗಿ ಬೇರು ಬಿಡುತ್ತವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಕರಿಮೆಣಸಿನ ಬಳ್ಳಿಯನ್ನೂ, ಅದು ಹಬ್ಬುವ ಹಾಲುವಾಣದ ಗೂಟವನ್ನೂ, ಎರಡನ್ನೂ ತುಂಡಿನಿಂದಲೇ ನೆಡುತ್ತಾರೆ. ಶ್ರೀಗಂಧದಂಥ ಮರಗಳು ಹಟಮಾರಿಗಳು, ಅವಕ್ಕೆ ಬೀಜವೇ ದಾರಿ. ಎಳೆಯ ಮರದ ಕಡ್ಡಿ ಬೇಗ ಬೇರು ಬಿಡುತ್ತದೆ, ಮುದಿ ಮರದ್ದು ತಡಮಾಡುತ್ತದೆ. ಇದು ಮನುಷ್ಯರ ಕಲಿಕೆಗೂ ಅನ್ವಯಿಸುತ್ತದೆ ಎಂದು ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಿಲ್ಲ.

ಒಂದು ಎಚ್ಚರಿಕೆ

ಇಷ್ಟು ಹೊಗಳಿದ ಮೇಲೆ ಇದರ ದೋಷವನ್ನೂ ಹೇಳದಿದ್ದರೆ ಪ್ರಾಮಾಣಿಕತೆ ಆಗದು. ಕಡ್ಡಿಯಿಂದ ಬಂದ ಗಿಡ ತಾಯಿ ಮರದ ತದ್ರೂಪು. ಗುಣಗಳೆಲ್ಲ ಬರುತ್ತವೆ, ದೌರ್ಬಲ್ಯಗಳೂ ಬರುತ್ತವೆ. ಒಂದೇ ತಾಯಿಯಿಂದ ಸಾವಿರ ಗಿಡ ಮಾಡಿದರೆ ತಾಯಿಯನ್ನು ಕೊಲ್ಲಬಲ್ಲ ರೋಗ ಸಾವಿರವನ್ನೂ ಕೊಲ್ಲಬಲ್ಲದು. ಬಾಳೆಯ ಇತಿಹಾಸ ಇದಕ್ಕೆ ನಿದರ್ಶನ. ಜಗತ್ತಿನ ಮಾರುಕಟ್ಟೆಯನ್ನು ಆಳುತ್ತಿದ್ದ ಗ್ರೋ ಮಿಷೆಲ್ ಎಂಬ ಬಾಳೆ ತಳಿ ಪನಾಮ ರೋಗಕ್ಕೆ ತುತ್ತಾಗಿ 1960ರ ದಶಕದ ಹೊತ್ತಿಗೆ ವ್ಯಾಪಾರದಿಂದಲೇ ಮರೆಯಾಯಿತು. ಕಂದುಗಳಿಂದ ಬೆಳೆದ ಆ ಎಲ್ಲ ಗಿಡಗಳೂ ಒಂದೇ ಗಿಡದ ಪ್ರತಿಗಳಾಗಿದ್ದವು.

ಇನ್ನೊಂದು ದೋಷ ಬೇರಿನದು. ಬೀಜದಿಂದ ಹುಟ್ಟಿದ ಮರಕ್ಕೆ ತಾಯಿಬೇರು ನೇರ ಕೆಳಗಿಳಿಯುತ್ತದೆ. ಕೊಂಬೆಯಿಂದ ಬಂದ ಮರಕ್ಕೆ ಅದು ಇರುವುದಿಲ್ಲ, ಪಕ್ಕದ ಬೇರುಗಳೇ ಆಧಾರ. ಮೊದಲ ವರ್ಷಗಳಲ್ಲಿ ಗಾಳಿಗೆ ವಾಲುವ ಭಯ ಇರುತ್ತದೆ. ಆದ್ದರಿಂದ ಆಧಾರ ಕೊಟ್ಟು ಕಾಪಾಡಬೇಕು. ಹಾಗೆಯೇ ಒಂದೇ ಮರದಿಂದ ಎಲ್ಲ ಕೊಂಬೆಗಳನ್ನು ತೆಗೆಯದೆ ಐದಾರು ಬೇರೆ ಬೇರೆ ಮರಗಳಿಂದ ತೆಗೆಯಬೇಕು. ಬೀಜದ ಸಸಿಗಳನ್ನೂ ನಡುನಡುವೆ ಸೇರಿಸಬೇಕು. ಪರಂಪರೆಯನ್ನು ಉಳಿಸಲು ಕಡ್ಡಿ ಬೇಕು, ಹೊಸತನಕ್ಕೆ ಬೀಜ ಬೇಕು. ಎರಡರಲ್ಲಿ ಒಂದನ್ನೇ ಹಿಡಿದವರು ಸೋತಿದ್ದಾರೆ.

ನಮ್ಮ ಕೈಯಲ್ಲಿರುವುದು

ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ಸಾಲುಮರದ ತಿಮ್ಮಕ್ಕನವರ ಹೆಸರು ಕೇಳದ ಕನ್ನಡಿಗರಿಲ್ಲ. ಮಕ್ಕಳಿಲ್ಲದ ಆಕೆ, ಪತಿ ಚಿಕ್ಕಯ್ಯನವರ ಜತೆ ಸೇರಿ ಊರ ಸುತ್ತ ಇದ್ದ ಆಲದ ಮರಗಳಿಂದಲೇ ಸಸಿಗಳನ್ನು ಸಿದ್ಧಪಡಿಸಿಕೊಂಡು, ಹುಲಿಕಲ್‌ನಿಂದ ಕುದೂರಿನವರೆಗಿನ ರಸ್ತೆಯ ಬದಿಯಲ್ಲಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ಹಾಗೆ ಬೆಳೆದ ಆಲಗಳು 385 ಎಂಬುದು ಜನಜನಿತ. ಕೂಲಿ ಮಾಡಿ ಬದುಕಿದ, ಶಾಲೆ ಕಾಣದ ಈ ತಾಯಿಗೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಅದೇ ವರ್ಷ ಆ ಮರಗಳಿಗೂ ರಸ್ತೆ ಅಗಲೀಕರಣದ ಭೀತಿ ಎದುರಾದಾಗ ಅವುಗಳನ್ನು ಉಳಿಸಿಕೊಡಿ ಎಂದು ಆಕೆ ಸರಕಾರದ ಮುಂದೆ ಕೇಳಿಕೊಳ್ಳಬೇಕಾಯಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ಇಹಲೋಕ ತ್ಯಜಿಸಿದರು.

ಅಕ್ಷರ ಕಲಿಯದವರು ನೆಟ್ಟ ಮರದ ನೆರಳಿನಲ್ಲಿ ಅಕ್ಷರ ಕಲಿತ ನಾವು ನಡೆಯುತ್ತಿದ್ದೇವೆ. ನಮ್ಮ ಮನೆಗಳಲ್ಲಿ ಮಣ್ಣಿನ ಕೆಲಸ ಮಾಡಿದ ಹಿರಿಯರು ಇನ್ನೂ ಇದ್ದಾರೆ. ಯಾವ ತಿಂಗಳಲ್ಲಿ ಯಾವ ಮರದ ಕೊಂಬೆ ಕತ್ತರಿಸಬೇಕೆಂಬುದು ಅವರ ಕೈಗೆ ಗೊತ್ತಿದೆ, ಕಾಗದದಲ್ಲಿ ಇಲ್ಲ. ಅವರು ಹೋದರೆ ಅದೂ ಹೋಗುತ್ತದೆ. ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿ. ನಿಮ್ಮ ಕೈಯ ಖಲಂ ಅವರ ಕೈಯ ಖಲಮಿಗೆ ಸಲ್ಲಿಸಬೇಕಾದ ಸಾಲ ಇದು.

ಜತೆಗೆ ಈ ಕೆಲಸವನ್ನೂ ಮಾಡಿ ನೋಡಿ. ಮುಂಗಾರು ಹಿಡಿಯುವ ಹೊತ್ತಿಗೆ ಗೋಣಿ, ಬಸರಿ ಅಥವಾ ಆಲದ ತೋಳು ಗಾತ್ರದ, ಆರೇಳು ಅಡಿ ಉದ್ದದ ನೇರ ಕೊಂಬೆಯನ್ನು ಮರದವರ ಒಪ್ಪಿಗೆ ಪಡೆದು ಕತ್ತರಿಸಿ. ಎಲೆಗಳನ್ನು ಸವರಿ, ಹಾಲು ಸೋರುವುದು ನಿಲ್ಲುವವರೆಗೆ ಒಂದೆರಡು ದಿನ ನೆರಳಿನಲ್ಲಿಡಿ. ಮೇಲಿನ ತುದಿಗೆ ಸೆಗಣಿ ಮಣ್ಣು ಮೆತ್ತಿ. ತಲೆ ಬುಡ ಅದಲು ಬದಲಾಗದಂತೆ ನೋಡಿಕೊಂಡು ಎರಡಡಿ ಆಳದ ಗುಂಡಿಯಲ್ಲಿ ನೆಟ್ಟು ಮಣ್ಣನ್ನು ಗಟ್ಟಿಯಾಗಿ ತುಳಿಯಿರಿ. ಸುತ್ತ ಮುಳ್ಳು ಕಟ್ಟಿ, ಮಳೆ ಕೈಕೊಟ್ಟರೆ ನೀರು ಹಾಕಿ. ಚಿಗುರು ಕಂಡ ಕೂಡಲೇ ಗೆದ್ದೆವೆಂದು ತಿಳಿಯಬೇಡಿ. ಕೊಂಬೆಯೊಳಗಿನ ಆಹಾರದಿಂದಲೇ ಮೊದಲ ಚಿಗುರು ಬರುತ್ತದೆ, ಬೇರು ಆಮೇಲೆ. ಕಿತ್ತು ನೋಡುವ ಆಸೆಯನ್ನು ತಡೆದುಕೊಳ್ಳಿ. ಮುಂದಿನ ಬೇಸಿಗೆ ದಾಟಿದರೆ ಅದು ಮರ.

ನಿಮ್ಮ ಊರಿನಲ್ಲಿ ಯಾವುದಾದರೂ ಹಳೆಯ ಮರಕ್ಕೆ ಕಡಿಯುವ ಗುರುತು ಬಿದ್ದಿದ್ದರೆ, ಮೊದಲು ಅದನ್ನು ಉಳಿಸಲು ಸಾಧ್ಯವೇ ಎಂದು ಸಂಬಂಧಪಟ್ಟವರಲ್ಲಿ ವಿಚಾರಿಸಿ. ಆಗದೆಂದಾದರೆ ಗರಗಸ ಬರುವ ಮುನ್ನವೇ ನಾಲ್ಕು ಕೊಂಬೆ ತಂದು ನೆಡಿ. ಮರದ ಹೆಸರು, ಅದಿದ್ದ ಜಾಗ, ಕತ್ತರಿಸಿದ ದಿನಾಂಕ ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ನಮ್ಮ ಶಾಲೆಯೆದುರಿನ ಗೋಣಿ ಮರಕ್ಕೆ ನಾನು ಮಾಡದೇ ಹೋದದ್ದು ಇದನ್ನೇ. ಅದರ ಜಾಗದಲ್ಲಿ ಈಗ ಡಾಂಬರು ರಸ್ತೆ ಇದೆ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಗೋಡೆಯ ನೆರಳು ಹುಡುಕುತ್ತಾರೆ. ಕಳೆದ ಮಳೆಗಾಲದಲ್ಲಿ ಬೇರೆ ಊರಿನ ಗೋಣಿ ಮರದಿಂದ ಎರಡು ಕೊಂಬೆ ತಂದು ಮೈದಾನದ ಮೂಲೆಯಲ್ಲಿ ನೆಟ್ಟಿದ್ದೇವೆ. ಒಂದು ಒಣಗಿತು. ಇನ್ನೊಂದರಲ್ಲಿ ಎಲೆಗಳಿವೆ.